ಷಡಕ್ಷರಿಯವರು ಹಿಡಿದ ಸರ್ವೆ

ತಮ್ಮ ಕಣ್ಣು ತಪ್ಪಿಸಿ ತಮ್ಮ ತೋಟಕ್ಕೆ ಅಳತೆಪಟ್ಟಿ ಹಿಡಿಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಕಳಸದ ಬಳಿಯ ಪ್ಲಾಂಟರ್ ಷಡಕ್ಷರಿಯವರ ಅಚಲ ನಂಬಿಕೆ. ಎರಡು ಸಾವಿರದ ಒಂದನೇ ಇಸವಿಯ ಡಿಸೆಂಬರ್ ಅದು. ರಾಷ್ಟ್ರೀಯ ಉದ್ಯಾನಕ್ಕೆ ಯಾರ್ಯಾರ ತೋಟ ಹೋಗುತ್ತದೋ ಎಂಬ ಮಾತು ಪೇಟೆಯ ಹೋಟೆಲುಗಳಲ್ಲಿ ಕಾಫಿಗಿಂತ ಬಿಸಿಯಾಗಿತ್ತು. ಅಂಥ ಹೊತ್ತಿನಲ್ಲಿ ತೋಟದ ಮೇಲಂಚಿನ ಬೇಲಿಯಲ್ಲಿ ಏಳು ಕೆಂಪು-ಬಿಳಿ ಬಾವುಟಗಳು ಕಂಡವು. ಒಂದೊಂದಕ್ಕೂ ನಂಬರ್ ಬೇರೆ.

"ಸರ್ವೆ ಶುರುವಾಗಿದೆ ತುಂಗಾ," ಎಂದರು ಹೆಂಡತಿಗೆ.

"ಗುಡ್ಡದಾಚೆ ಹಾಸನದ ಶಾಲೆ ಮಕ್ಕಳ ಕ್ಯಾಂಪ್ ಬಂದಿದೆಯಂತೆ. ಹಗ್ಗ ಕಟ್ಕೊಂಡು ಬಂಡೆ ಹತ್ತಿಸ್ತಾರಂತೆ. ಅವ್ರದ್ದಿರಬೇಕು," ಎಂದರು ತುಂಗಮ್ಮ.

"ಹಾಸನದಿಂದ ಇಲ್ಲಿಗೆ ಬಂದು ಬಂಡೆ ಹತ್ತೋಕೆ ಯಾರಿಗೆ ತಲೆ ಕೆಟ್ಟಿದೆ? ಅದೆಲ್ಲ ವೇಷ ಮಾರಾಯ್ತಿ."

ಬೇಲಿಯಾಚೆ ಇಬ್ಬರು ಪುಟ್ಟ ಹುಡುಗಿಯರು ನಕ್ಷೆ ಹಿಡಿದು, ಕಂಪಾಸು ನೋಡುತ್ತಾ ಹೋಗಿದ್ದನ್ನು ಕಂಡ ಮೇಲಂತೂ ಅನುಮಾನ ಗಟ್ಟಿಯಾಯಿತು. ಯಾರಿಗೂ ಗೊತ್ತಾಗಬಾರದೆಂದು ಅರಣ್ಯ ಇಲಾಖೆಯವರು ಮಕ್ಕಳನ್ನೇ ಕೆಲಸಕ್ಕೆ ಇಳಿಸಿದ್ದಾರೆ! ಷಡಕ್ಷರಿಯವರು ಏಳೂ ಬಾವುಟ ಕಿತ್ತು ತಂದು ಅಂಗಳಕ್ಕೆ ಎಸೆದರು. ಬಟ್ಟೆ ಗಟ್ಟಿಯಾಗಿದೆಯೆಂದು ತುಂಗಮ್ಮ ಅವನ್ನು ಕಾಫಿ ಒಣಗಿಸುವ ಕಣದ ಸುತ್ತ ಕಟ್ಟಿದರು, ಕೋಳಿ ಬರದ ಹಾಗೆ.

ಮಧ್ಯಾಹ್ನ ಕ್ಯಾಂಪಿನ ತರಬೇತುದಾರ ಧರ್ಮೇಶ್ ತೋಟದ ಗೇಟಿಗೆ ಏದುಸಿರು ಬಿಡುತ್ತಾ ಬಂದ.

"ಸಾರ್, ನಕ್ಷೆ ನೋಡಿ ಬಾವುಟ ಹುಡುಕೋ ಆಟ ಇಟ್ಟಿದ್ವಿ. ಯಾರೋ ಎಲ್ಲಾ ಕಿತ್ತಿದಾರೆ. ಹದಿನಾರು ಮಕ್ಕಳು ಗುಡ್ಡದಲ್ಲಿದಾರೆ, ಮಂಜು ಬೇರೆ ಇಳೀತಿದೆ."

ಷಡಕ್ಷರಿಯವರಿಗೆ ತಮ್ಮ ತಪ್ಪು ಅರಿವಾಯಿತು. ಕಿತ್ತವನು ನಾನೇ ಎನ್ನಲು ಮಾತ್ರ ಬಾಯಿ ಬರಲಿಲ್ಲ. "ನೀವು ಆ ಕಡೆ ನೋಡಿ. ಈ ಗುಡ್ಡ ನಂಗೆ ಅಂಗೈ ಇದ್ದ ಹಾಗೆ," ಎಂದವರೇ ಕೋಲು ಹಿಡಿದು ಹತ್ತಿದರು.

ಅರ್ಧ ಗಂಟೆಯಲ್ಲಿ ಮಂಜು ಅಂಗೈಯನ್ನೂ ನುಂಗಿತು. ಕೂಗಿ ಕೂಗಿ ಗಂಟಲು ಒಣಗಿತು. ಒಂದೇ ಬಂಡೆಯನ್ನು ಮೂರನೇ ಸಲ ಕಂಡಾಗ ಮಕ್ಕಳ ಗತಿ ಏನಾಯಿತೋ ಎಂದು ಅಲ್ಲೇ ಕುಕ್ಕರಿಸಿದರು.

"ಅಜ್ಜಾ, ಹೆದರಬೇಡಿ, ನಾವಿದೀವಿ," ಎಂಬ ದನಿ ಕೇಳಿತು. ಬೆಳಿಗ್ಗೆ ಕಂಡ ಅದೇ ಹುಡುಗಿಯರು. ದೊಡ್ಡವಳು, ರಕ್ಷಾ, ಅವರ ಕೋಲಿನ ತುದಿ ಹಿಡಿದು, ಕಂಪಾಸು ನೋಡುತ್ತಾ ಕೆಳಗಿಳಿಸಿದಳು.

ಉಳಿದ ಹದಿನಾಲ್ಕು ಮಕ್ಕಳು ಕಣದಲ್ಲಿ ಸಾಲಾಗಿ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದರು. ಮಂಜು ದಟ್ಟವಾಗುವ ಮೊದಲೇ ಮೇಲಿನಿಂದ ಬಾವುಟ ಕಂಡು ನೇರ ಇಲ್ಲಿಗೇ ಬಂದಿದ್ದರಂತೆ. ಬಾವುಟ ತಂದವರು ಯಾರೆಂದು ತುಂಗಮ್ಮ ಅಷ್ಟರಲ್ಲಿ ಧರ್ಮೇಶನಿಗೆ ಹೇಳಿಯಾಗಿತ್ತು.

ಬೈಗುಳಕ್ಕೆ ತಲೆತಗ್ಗಿಸಿ ನಿಂತ ಷಡಕ್ಷರಿಯವರ ಮುಂದೆ ಬಂದದ್ದು ರಕ್ಷಾ, ಕೈಯಲ್ಲೊಂದು ಹಾಳೆ ಹಿಡಿದು.

"ಕಳೆದುಹೋದವ್ರು ಸಿಕ್ಕರೆ ವಿವರ ಬರೀಬೇಕು ಅಜ್ಜಾ. ಹೆಸರು ಹೇಳಿ. ಯಾವ ಕ್ಲಾಸು?"

ತುಂಗಮ್ಮ ರೊಟ್ಟಿ ಮಗುಚುತ್ತಲೇ ಹೇಳಿದರು: "ಒಂದನೇ ಕ್ಲಾಸು ಅಂತ ಬರ್ಕೊ ಮಗಾ. ಪಾಸಾದ್ರೆ ಮುಂದೆ ನೋಡೋಣ."