ಪಾರ್ವತಿನಗರದ ತಂಪು

ಹುಲುಗೇಶನ ನೌಕರಿಗೆ ಸಂಚಕಾರ ತಂದದ್ದು ಒಂದು ಗೋಣಿಚೀಲ.

ಪಾರ್ವತಿನಗರದ ಹನ್ನೆರಡು ಮಾಳಿಗೆಗಳ ಮೇಲೆ ಬಿಸಿಲಿನ ಕಾವು ಅಳೆಯುವ ಬಿಳಿ ಡಬ್ಬಿಗಳನ್ನು ಕೂರಿಸಿದವನು ಅವನೇ. ತಂತಿಯ ಹಂಗಿಲ್ಲದೆ ಅವು ಗಾಂಧಿನಗರದ ಆಫೀಸಿಗೂ ನೋಡಬಯಸುವ ಜನರ ಫೋನಿಗೂ ಅಂಕಿ ಕಳಿಸುತ್ತಿದ್ದವು. ಒಂದು ದಿನ ಬಿಸಿಲೇರುತ್ತಲೇ ಸಾಹೇಬರ ಫೋನು ಬಂತು.

"ಕೊಟ್ರಬಸಮ್ಮರ ಮನಿ ಡಬ್ಬಿ ಇಪ್ಪತ್ತೇಳು ಡಿಗ್ರಿ ಅಂತೈತಿ. ಉಳಿದವು ನಲವತ್ಮೂರು. ಬಳ್ಳಾರ್ಯಾಗ, ಮೇ ತಿಂಗಳಾಗ, ಇಪ್ಪತ್ತೇಳು! ಹನ್ನೊಂದು ಡಬ್ಬಿ ಒಂದ ಅಂಕಿ ಹೇಳಿದ್ರ, ಬ್ಯಾರೆ ಹೇಳೋ ಡಬ್ಬಿ ಕೆಟ್ಟೈತಿ ಅಂತ ಲೆಕ್ಕ. ಸಂಜೀ ಒಳಗ ಸರಿ ಮಾಡ್ಲಿಲ್ಲಂದ್ರ ನಾಳಿಂದ ಬರಬ್ಯಾಡ."

ಓಡಿಹೋಗಿ ಮಾಳಿಗೆ ಹತ್ತಿದರೆ ಡಬ್ಬಿ ಬಾಣಂತಿಯ ಹಾಗೆ ಮುಸುಕು ಹೊದ್ದು ಕುಳಿತಿತ್ತು. ಮುಸುಕು ಒದ್ದೆ ಗೋಣಿಚೀಲದ್ದು.

"ಅಮ್ಮಾರ, ಇದೇನು ಮಾಡೀರಿ?"

"ಪಾಪ, ಬಿಸಲಾಗ ಕಾದ ಹಂಚಾಗಿತ್ತಪ. ನೀರಿನ ಕೊಡಕ್ಕ ಸುತ್ತಿದಂಗ ಸುತ್ತೀನಿ," ಎಂದರು ಮನೆಯೊಡತಿ ಕೊಟ್ರಬಸಮ್ಮ. "ಬಿಚ್ಚಬ್ಯಾಡ. ನಮ್ಮ ಮಗಳು ರಶ್ಮಿನ್ನ ನೋಡಾಕ ಸಂಜೀಕ ಕುರುಗೋಡಿಂದ ಬರ್ತಾರ. ಹುಡುಗನ ತಾಯಿ ಫೋನ್ ನೋಡಿ, ನಿಮ್ಮ ಮನಿ ಭಾಳ ತಂಪೈತಿ ಅಂದಾಳ."

"ನನ್ನ ನೌಕರಿ ಹೋಗ್ತೈತ್ರಿ!"

"ಸಂಬಂಧ ಹೋದ್ರ ನೀನು ತರ್ತೀಯೇನು?"

ಪಕ್ಕದ ಮಾಳಿಗೆಯಿಂದ ವೀರಭದ್ರಪ್ಪ ಇಣುಕಿದರು. "ಹುಲುಗೇಶಾ, ಬರೀ ಒದ್ದಿ ಚೀಲಕ್ಕ ಅಷ್ಟು ಇಳೀತೈತೇನು?"

ಅವನ ವಿದ್ಯೆಯ ಬಗ್ಗೆ ಈವರೆಗೆ ಯಾರೂ ಕೇಳಿರಲಿಲ್ಲ. ಹುಲುಗೇಶ ಉಬ್ಬಿಹೋದ. ನೀರು ಆರುವಾಗ ಕಾವನ್ನು ಹೇಗೆ ಎಳೆದುಕೊಳ್ಳುತ್ತದೆ, ಚೀಲ ಎಷ್ಟು ಮಡಿಕೆಯಾದರೆ ಎಷ್ಟು ಡಿಗ್ರಿ ಇಳಿಯುತ್ತದೆ ಎಂದು ಓಣಿಗೆಲ್ಲ ಕೇಳುವಂತೆ ವಿವರಿಸಿದ. ಒಂದೊಂದೇ ಮಾಳಿಗೆಯಲ್ಲಿ ತಲೆಗಳು ಎದ್ದವು. ಇಷ್ಟು ಶ್ರದ್ಧೆಯಿಂದ ಪಾಠ ಕೇಳುವವರನ್ನು ಅವನು ಶಾಲೆಯಲ್ಲೂ ಕಂಡಿರಲಿಲ್ಲ.

ಆಮೇಲೆ ಕೊಟ್ರಬಸಮ್ಮನ ಕೈಕಾಲು ಹಿಡಿದು ಚೀಲ ಬಿಚ್ಚಿದ. ಮತ್ತೆ ಹೊದಿಸದಿರಲೆಂದು ಡಬ್ಬಿಯ ಪಕ್ಕದಲ್ಲೇ ಬಿಸಿಲಿನಲ್ಲಿ, ಅದರಿಂದ ಕಣ್ಣು ಕೀಳದೆ ಕಾವಲು ಕೂತ. ಮಧ್ಯಾಹ್ನದ ಹೊತ್ತಿಗೆ ಅಂಕಿ ನಲವತ್ಮೂರಕ್ಕೆ ಏರಿತು. ಅವನ ತಲೆಯೂ ಹೆಚ್ಚುಕಡಿಮೆ ಅಷ್ಟಕ್ಕೇ ಏರಿತ್ತು. ಗೆದ್ದೆನೆಂದು ಸಾಹೇಬರಿಗೆ ಫೋನು ಮಾಡಿದ.

"ಸರಿ ಆತ್ರಿ ಸಾಹೇಬ್ರ! ನಲವತ್ಮೂರು!"

"ಏನು ಸರಿ ಆತಲೇ? ಈಗ ಹನ್ನೊಂದು ಡಬ್ಬಿ ಇಪ್ಪತ್ತೇಳು ಅಂತಾವು. ಇದೊಂದೇ ನಲವತ್ಮೂರು. ಇನ್ನೂ ಕೆಟ್ಟೇ ಐತಿ. ಒಂದು ತಾಸು ಕೊಡ್ತೀನಿ, ಅಷ್ಟೇ."

ಹುಲುಗೇಶ ಎದ್ದು ಸುತ್ತ ನೋಡಿದ. ಹನ್ನೊಂದು ಮಾಳಿಗೆಗಳ ಮೇಲೆ ಹನ್ನೊಂದು ಒದ್ದೆ ಚೀಲಗಳು, ಅವನು ಹೇಳಿಕೊಟ್ಟಷ್ಟೇ ಮಡಿಕೆಯಲ್ಲಿ. "ನಮ್ಮ ಮನೀನೂ ತಂಪಾತು!" ಎಂದು ವೀರಭದ್ರಪ್ಪ ಖುಷಿಯಿಂದ ಕೈ ಬೀಸಿದರು.

ನಿಜ ಹೇಳುತ್ತಿದ್ದ ಒಂದೇ ಡಬ್ಬಿಗೆ ಅವನು ತಾನೇ ಚೀಲ ಹೊದಿಸಿದ. "ಅಮ್ಮಾರ, ಒಂದು ಕೊಡ ನೀರು ಕೊಡ್ರಿ, ಲಗೂನ!"

"ಎಲ್ಲೈತಪ ನೀರು? ನಳ ಬಂದು ವಾರ ಆತು," ಎಂದರು ಕೊಟ್ರಬಸಮ್ಮ. "ಇದ್ದ ಕಡೀ ಕೊಡ ಮುಂಜಾನಿ ಆ ಚೀಲಕ್ಕ ಸುರುವಿದ್ನಿ. ನೀನು ಬಿಚ್ಚಿ ಒಣಗಿಸಿದಿ."

ಓಣಿಯ ಉಳಿದ ನೀರೆಲ್ಲ ಹನ್ನೊಂದು ಚೀಲಗಳಲ್ಲಿತ್ತು. ಹುಲುಗೇಶ ಬೆವರಿಗೆ ತೊಯ್ದಿದ್ದ ತನ್ನ ಅಂಗಿಯನ್ನೇ ಬಿಚ್ಚಿ ಡಬ್ಬಿಗೆ ಸುತ್ತಿದ. ಆದರೆ ಬಳ್ಳಾರಿಯ ಬಿಸಿಲು. ಅಂಕಿ ಇಳಿಯುವ ಮೊದಲೇ ಅಂಗಿ ಒಣಗಿತು.