ರೂರಿಯ ರೆಕಾರ್ಡು ನಿಧಾನವಾಗಿ ತಿರುಗಿದ್ದು

ದೊಡ್ಡ ರೆಕಾರ್ಡು ನಿಧಾನ ತಿರುಗಬೇಕು, ಚಿಕ್ಕದು ಬೇಗ ತಿರುಗಬೇಕು ಎಂಬುದು ಗ್ಲಾಸ್ಗೋದ ರೆಕಾರ್ಡು ಹುಚ್ಚರಿಗೆಲ್ಲ ಗೊತ್ತಿರುವ ಮಾತು. ರೂರಿ ಕಿನ್ನಿಯರ್ ಮಾತ್ರ ತನ್ನ ಗಿಟಾರಿನ ಕಿಣಿಕಿಣಿ ಚೊಕ್ಕವಾಗಿ ಕೇಳಲೆಂದು ಹಟ ಹಿಡಿದು, ದೊಡ್ಡ ರೆಕಾರ್ಡನ್ನೇ ಬೇಗ ತಿರುಗಿಸಬೇಕಾದ ಹಾಗೆ ಮಾಡಿಸಿದ. ಆ ಸಂಗತಿಯನ್ನು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚು ಹಾಕಿಸಲು ಮರೆತ. ಎಲ್ಲ ರಗಳೆಗೂ ಅದೇ ಮೂಲ.

ಸೆಂಗಾಳ ರೆಕಾರ್ಡು ಅಂಗಡಿಯಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಒಂದು ಹೊಸ ಆಲ್ಬಮ್ ಹಾಕುತ್ತಾರೆ. ಕೇಳಿದವರು ಚೀಟಿಯಲ್ಲಿ ಅಭಿಪ್ರಾಯ ಬರೆದು ಗೋಡೆಗೆ ಚುಚ್ಚಬೇಕು. ಹೆಸರು ಬರೆಯುವಂತಿಲ್ಲ, ಆದ್ದರಿಂದ ಯಾರಿಗೂ ದಾಕ್ಷಿಣ್ಯವಿಲ್ಲ. ಈ ಶನಿವಾರ ರೂರಿಯ ಸರದಿ. ಅವನ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಐಲ್ಸಾ ಹಿಂದಿನ ದಿನವೇ ಹೇಳಿದ್ದಳು:

"ಐದು ವರ್ಷದಲ್ಲಿ ನಮ್ ಹಾಡು ಚೆನ್ನಾಗಿದೆ ಅಂದೋರು ನಿಮ್ಮಮ್ಮ ಒಬ್ರೇ. ನಾಳೆ ಹತ್ತು ಜನ ಒಪ್ಪದೇ ಇದ್ರೆ ನಾನು ಬಿಟ್ಟೆ."

ಅವಳು ಬಿಟ್ಟರೆ ಬ್ಯಾಂಡೇ ಇಲ್ಲ, ವ್ಯಾನು ಅವಳದು.

ರೂರಿ ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು ಮೂಲೆಯಲ್ಲಿ ನಿಂತ. ಸೆಂಗಾ ಅಭ್ಯಾಸಬಲದಿಂದ ನಿಧಾನದ ಗುಂಡಿ ಒತ್ತಿದಳು. ಕುಣಿಯಬೇಕಿದ್ದ ಗಿಟಾರು ಮೇದು ಬಂದ ಹಸುವಿನಂತೆ ಹೆಜ್ಜೆ ಹಾಕಿತು. ರೂರಿಯ ಕೀಚಲು ದನಿ ಬಾವಿಯೊಳಗಿಂದ ಬಂದಂತೆ ದಪ್ಪಗೆ ಕೇಳಿತು. ಗುಂಡಿಯತ್ತ ಓಡಹೊರಟವನ ತೋಳನ್ನು ಮುದುಕ ಮುಂಗೊ ಹಿಡಿದುಕೊಂಡ. ಏನು ಕೇಳಿಸಿದರೂ ಮೂಗು ಮುರಿಯುವವನೆಂದು ಅಂಗಡಿಗೆಲ್ಲ ಹೆಸರಾದವನು ಅವನು.

"ಸುಮ್ನಿರಪ್ಪ. ಆ ಮನುಷ್ಯ ಎಷ್ಟು ನೊಂದಿದಾನೆ ಕೇಳು."

ಅದು ಐಸ್‌ಕ್ರೀಮ್ ಮಾರುವ ವ್ಯಾನಿನ ಬಗ್ಗೆ ಕಟ್ಟಿದ ಹಾಡು. ಮುಂಗೊ ಕಣ್ಣೊರೆಸಿಕೊಂಡ.

ಚೀಟಿಗಳು ಗೋಡೆ ಏರತೊಡಗಿದವು. ಅಪ್ಪನ ಶವಸಂಸ್ಕಾರದಲ್ಲಿ ಇದನ್ನು ಹಾಕಿಸಬೇಕಿತ್ತು ಎಂದು ಒಬ್ಬರು ಬರೆದರು. ಸದ್ಯ, ಈ ಊರಲ್ಲೂ ಕಿಣಿಕಿಣಿ ಅನ್ನದ ಗಿಟಾರು ಬಂತಲ್ಲ ಎಂದು ಇನ್ನೊಬ್ಬರು. ಎಣಿಕೆ ಹತ್ತು ದಾಟಿ ಹದಿನಾಲ್ಕಕ್ಕೆ ನಿಂತಿತು. ನಿಜ ಹೇಳಲು ತೆರೆದಿದ್ದ ಬಾಯನ್ನು ರೂರಿ ಮುಚ್ಚಿಕೊಂಡ. ಗಂಟಲಲ್ಲಿ ಸಿಕ್ಕಿದ್ದ ಮೀನಿನ ಮುಳ್ಳು ಇಳಿದಷ್ಟು ಹಾಯೆನಿಸಿತು.

ಅಷ್ಟರಲ್ಲಿ ಐಲ್ಸಾ ಬಂದಳು. ಬಾಗಿಲಲ್ಲೇ ನಿಂತು ಕಡೆಯ ಹಾಡು ಕೇಳಿದಳು. ನುಡಿಸಿದವಳಿಗೆ ಗೊತ್ತಾಗದೆ ಇರುತ್ತದೆಯೇ? ರೂರಿಯನ್ನೊಮ್ಮೆ, ಗುಂಡಿಯನ್ನೊಮ್ಮೆ ನೋಡಿದಳು. ಚೀಟಿಗಳನ್ನೆಲ್ಲ ಓದಿ ಮುಗಿಸಿ, ಅವನನ್ನು ಹೊರಗೆ ಕರೆದೊಯ್ದಳು.

"ಬಿಡಲ್ಲ ಕಣೋ," ಎಂದಳು. "ಇನ್ಮೇಲೆ ಹೀಗೇ ನಿಧಾನಕ್ಕೆ ನುಡಿಸೋಣ."

ಬ್ಯಾಂಡು ಉಳಿಯಿತು, ವ್ಯಾನೂ ಉಳಿಯಿತು. ರೂರಿ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಐದು ವರ್ಷದ ಉಸಿರನ್ನು ಒಟ್ಟಿಗೆ ಬಿಟ್ಟ.

"ಒಂದೇ ತೊಂದ್ರೆ," ಐಲ್ಸಾ ಪಕ್ಕದಲ್ಲಿ ಕುಳಿತು ಹೇಳಿದಳು. "ಜನ ಮೆಚ್ಚಿರೋದು ಆ ದಪ್ಪ ದನೀನ. ನಿನ್ ಗಂಟ್ಲಲ್ಲಿ ಅದು ಈ ಜನ್ಮಕ್ಕೆ ಬರಲ್ಲ. ನೀನು ಗಿಟಾರ್ ಹಿಡ್ಕೊಂಡು ಹಿಂದೆ ನಿಂತ್ಕೋ."

ಮಧ್ಯಾಹ್ನದ ಹೊತ್ತಿಗೆ ಸೆಂಗಾಳ ಗೋಡೆಯ ಮೇಲೆ ಹದಿನೈದನೆಯ ಚೀಟಿಯಿತ್ತು: ಬ್ಯಾಂಡಿಗೆ ಹಾಡುವವರು ಬೇಕಾಗಿದ್ದಾರೆ. ಬರೆದದ್ದು ರೂರಿಯೇ, ಬ್ಯಾಂಡಿನಲ್ಲಿ ಅವನ ಅಕ್ಷರವೇ ದುಂಡಗಿತ್ತು.