ಕುದುರೆಯ ಕಡೆಯವಳು

ಮದುವೆ ಎಂದಮೇಲೆ ಗಂಡಿನ ಕಡೆಯವರು ಇರುತ್ತಾರೆ, ಹೆಣ್ಣಿನ ಕಡೆಯವರು ಇರುತ್ತಾರೆ. ನನ್ನ ನಾದಿನಿ ಕುದುರೆಯ ಕಡೆಯವಳು! ನಗುವುದಿದ್ದರೆ ಈಗಲೇ ನಕ್ಕುಬಿಡಿ. ದೆಹಲಿಯ ಲಕ್ಷ್ಮೀ ನಗರದ ನಮ್ಮ ಅಪಾರ್ಟ್‌ಮೆಂಟಿನವರೆಲ್ಲ ನಕ್ಕು ಮುಗಿಸಿದ್ದಾರೆ. ನಾನೂ ನಕ್ಕಿದ್ದೇನೆ. ಆದರೆ ಅವಳ ಬಗ್ಗೆ ಕೊಂಕು ಆಡುವ ಹಕ್ಕು ಅತ್ತಿಗೆಯಾದ ನನಗೊಬ್ಬಳಿಗೇ ಸೇರಿದ್ದು, ಬೇರೆಯವರು ಆಡಿದರೆ ಜಗಳಕ್ಕೆ ಸಿದ್ಧಳಿದ್ದೇನೆ.

ಮೊದಲು ನಮ್ಮಿಬ್ಬರ ಸ್ವಭಾವ ಹೇಳಿಬಿಡಬೇಕು. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು, ಗಂಟೆಗೆ ಮಲಗಿ ಬೆಳೆದವಳು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗಲೂ ನಮ್ಮ ಮನೆಯಲ್ಲಿ ಒಂದು ಚಮಚ ತನ್ನ ಜಾಗ ಬಿಟ್ಟು ಅಲುಗುತ್ತಿರಲಿಲ್ಲ. ನಾದಿನಿಯೋ, ಮಧ್ಯಾಹ್ನದ ಊಟವನ್ನು ಸಂಜೆ ಮಾಡುವವಳು. ಸಚಿವಾಲಯವೊಂದರಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತಳಾದಳು. ಮದುವೆಯಾಗಲಿಲ್ಲ, ಆಗಲಿಲ್ಲವಲ್ಲ ಎಂದು ಕೊರಗಿದ್ದೂ ಇಲ್ಲ. ನಮ್ಮವರು ತೀರಿಕೊಂಡ ಮೇಲೆ ಅವರ ತಂಗಿಯೂ ನಾನೂ ಒಂದೇ ಸೂರಿನಡಿ ಇದ್ದೇವೆ. ಒಂದು ಗಡಿಯಾರ, ಒಂದು ಬಿರುಗಾಳಿ!

ಒಂದು ಬೇಸಗೆಯಲ್ಲಿ ತರಕಾರಿಗೆಂದು ಹೋದವಳು ಬರಿಯ ಚೀಲ ಹಿಡಿದು ವಾಪಸು ಬಂದಳು. ಹಿಂದಿನ ಗಲ್ಲಿಯಲ್ಲಿ ಮದುವೆಯ ದಿಬ್ಬಣಕ್ಕೆ ಹೋಗುವ ಕುದುರೆಗಳ ಲಾಯವಿದೆ. ಅಲ್ಲೊಂದು ಬಿಳಿ ಹೆಣ್ಣುಕುದುರೆ ತುರಿಕೆ ತಾಳಲಾರದೆ ಕಂಬಕ್ಕೆ ಮೈ ಉಜ್ಜಿ ಉಜ್ಜಿ, ಕತ್ತಿನ ಕೂದಲೆಲ್ಲ ಉದುರಿಸಿಕೊಂಡು, ಬಾಲದ ಬುಡದಲ್ಲಿ ರಕ್ತ ಬರಿಸಿಕೊಂಡಿತ್ತಂತೆ. ಬೋಳು ಕತ್ತಿನ ಕುದುರೆಯನ್ನು ಯಾವ ವರ ತಾನೇ ಏರುತ್ತಾನೆ? ಚಳಿಗಾಲದ ಮದುವೆಗಳು ಶುರುವಾಗುವುದರೊಳಗೆ ವಾಸಿಯಾಗದಿದ್ದರೆ ಇಟ್ಟಿಗೆ ಭಟ್ಟಿಗೆ ಮಾರಿಬಿಡುವುದಾಗಿ ಯಜಮಾನ ಹೇಳಿದನಂತೆ. ಅಲ್ಲಿಗೆ ಹೋದ ಕುದುರೆಯ ಗತಿ ಏನೆಂದು ದೆಹಲಿಯವರಿಗೆ ಹೇಳಬೇಕಾಗಿಲ್ಲ. ಸಾಯುವ ತನಕ ಇಟ್ಟಿಗೆ ಎಳೆಯುವುದು.

"ಅತ್ತಿಗೆ, ಅವಳು ಭಟ್ಟಿಗೆ ಹೋಗಲ್ಲ," ಎಂದಳು ನಾದಿನಿ, ಚಪ್ಪಲಿ ಕೂಡ ಬಿಡದೆ.

"ಕುದುರೆ ನಿಂದಾ?"

"ತುರಿಕೆ ಅವಳದು. ಸಂಕಟ ನಂದು."

ಮರುದಿನವೇ ಚಿಕಿತ್ಸೆ ಆರಂಭ. ಒಂದೇ ಬೆಳಗ್ಗೆ ಕೊಬ್ಬರಿ ಎಣ್ಣೆ ತಿಕ್ಕಿದಳು, ಬೇವಿನ ಕಷಾಯ ಸುರಿದಳು, ಅದರ ಮೇಲೆ ಅರಿಸಿನ ಬಳಿದಳು, ಸಾಲದ್ದಕ್ಕೆ ಮೇವನ್ನೂ ಬದಲಾಯಿಸಿದಳು. ಸಂಜೆಯೊಳಗೆ ಕುದುರೆಯ ಮೈತುಂಬ ಅಂಗೈಯಗಲದ ದದ್ದು! ಯಾವುದರಿಂದ ಎದ್ದಿತು ಎಂದು ಹೇಗೆ ಕಂಡುಹಿಡಿಯುವುದು? ಮೇಲಾಗಿ ಬಿಳಿ ಕುದುರೆ ಅಚ್ಚ ಹಳದಿಯಾಗಿತ್ತು. ಯಜಮಾನ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಮಾತಾಜಿ, ಇದು ವರನನ್ನು ಹೊರುವ ಘೋಡಿಯೋ, ಹಲ್ದಿಗೆ ಕೂತ ಮದುಮಗಳೋ?" ಎಂದು ಕೇಳಿದ.

ಆಮೇಲೆ ಪಶುವೈದ್ಯೆ ಬಂದಳು. ಗಾಯಕ್ಕೆ ಮುಲಾಮು ಕೊಟ್ಟು, ಕಣ್ಣಿಗೆ ಸರಿಯಾಗಿ ಕಾಣದ ಗುಂಗುರುಗಳ ಕಡಿತಕ್ಕೆ ಈ ಕುದುರೆಯ ಚರ್ಮ ಹೀಗೆ ಕೆರಳುತ್ತದೆ ಎಂದು ವಿವರಿಸಿದಳು. ಪೂರ್ತಿ ಹೋಗುವ ಕಾಯಿಲೆಯಲ್ಲ, ದಿನದಿನವೂ ಕಾಯಬೇಕು. ಗುಂಗುರು ಏಳುವ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಒಳಗೆ ಕಟ್ಟಬೇಕು, ಫ್ಯಾನ್ ಹಾಕಬೇಕು, ಮೈಗೆ ತೆಳು ಹೊದಿಕೆ ಬೇಕು. ಹೊಸದು ಏನೇ ಆದರೂ ಮೊದಲು ಒಂದು ಚಿಕ್ಕ ಜಾಗದಲ್ಲಿ ಹಚ್ಚಿ, ಕಾದು ನೋಡಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಎಲ್ಲವೂ ಹೊತ್ತಿಗೆ ಸರಿಯಾಗಿ.

ಹೊತ್ತಿಗೆ ಸರಿಯಾಗಿ! ನಾದಿನಿ ನನ್ನ ಮುಖ ನೋಡಿದಳು. ಪಥ್ಯವೆಂದರೆ ಶಿಸ್ತು, ಶಿಸ್ತೆಂದರೆ ನಾನು. ಹೀಗೆ ಯಾವ ಕುದುರೆಯ ಹಂಗೂ ಇಲ್ಲದೆ ಮುಪ್ಪಿಗೆ ಬಂದ ನಾನು ಲಾಯದ ಮೇಲ್ವಿಚಾರಕಿಯಾದೆ.

ಮೊದಲ ನಷ್ಟ ನನ್ನ ಕೋಣೆಯ ಫ್ಯಾನ್. ಜೂನ್ ತಿಂಗಳಲ್ಲಿ, ಕಿಟಕಿಯ ಸರಳು ಮುಟ್ಟಿದರೆ ಕೈ ಸುಡುವ ಹೊತ್ತಿನಲ್ಲಿ, ಅದನ್ನು ಎತ್ತಿಸಿಕೊಂಡು ಲಾಯಕ್ಕೆ ಹೋದಳು. ನನಗೆ ಸೆಕೆಯಾಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ನಿಮಗೆ ಬೀಸಣಿಗೆ ಹಿಡಿಯಕ್ಕೆ ಕೈ ಇದೆ ಅತ್ತಿಗೆ," ಎಂದಳು. ಬೀಸಣಿಗೆ ಹುಡುಕಿಕೊಂಡೆ.

ಹೊದಿಕೆಗೆ ಮನೆಯ ಹತ್ತಿ ಬೆಡ್‌ಶೀಟುಗಳು ಹೋದವು. ಕತ್ತಿನಿಂದ ಬಾಲದವರೆಗೆ ಸೇರಿಸಿ ಹೊಲಿದು, ಬಾಲ್ಕನಿಯಲ್ಲಿ ಒಣಹಾಕಿದಳು. ಕೆಳಮನೆಯ ಮಹಾಶಯರೊಬ್ಬರು ಲಿಫ್ಟಿನಲ್ಲಿ, ನಿಮ್ಮ ನಾದಿನಿ ಘೋಡಿಗೆ ನೈಟಿ ಹೊಲಿಯುತ್ತಾರಂತೆ, ನಿಜವೇ ಎಂದು ವಿಚಾರಿಸಿದರು. ನಿಜ, ನಿಮ್ಮ ನಾಯಿಗೆ ಸ್ವೆಟರೂ ಬೂಟೂ ಇವೆ, ನಮ್ಮ ಕುದುರೆಗೆ ನೈಟಿಯೊಂದೇ ಎಂದೆ. ತಮ್ಮ ಮಹಡಿ ಬರುವ ತನಕ ಅವರು ಲಿಫ್ಟಿನ ಗುಂಡಿಗಳನ್ನೇ ನೋಡುತ್ತ ನಿಂತರು. ನಮ್ಮ ಕುದುರೆ ಎಂದು ನನ್ನ ಬಾಯಲ್ಲಿ ಹೇಗೆ ಬಂತು ಎಂದು ಯೋಚಿಸುತ್ತ ನಾನೂ ಅವನ್ನೇ ನೋಡುತ್ತಿದ್ದೆ.

ಶಾಂಪೂ ತಂದಾಗ ಕುದುರೆಯ ಮೇಲೆ ಪರೀಕ್ಷಿಸುವುದಕ್ಕೂ ಮೊದಲು ತನ್ನ ತೋಳಿಗೆ ಹಚ್ಚಿಕೊಂಡಳು, ಮರುಗಳಿಗೆಯೇ ನನ್ನ ತೋಳಿಗೂ. ಆ ವೈದ್ಯೆ ಹೇಳಿದ್ದು ಕುದುರೆಯ ತೋಳು ಎಂದು ನೆನಪಿಸಿದೆ. "ನೀವು ಇನ್ನೂ ಸೂಕ್ಷ್ಮ," ಎಂದಳು. ಮೆಚ್ಚುಗೆಯೋ ಕುಚೋದ್ಯವೋ ಇಂದಿಗೂ ಗೊತ್ತಿಲ್ಲ. ದದ್ದು ಎದ್ದದ್ದು ಮಾತ್ರ ನನಗೇ. ಶಾಂಪೂ ಕಸದ ಬುಟ್ಟಿಗೆ ಹೋಯಿತು, ಕುದುರೆ ಬಚಾವಾಯಿತು.

ಮಳೆಗಾಲ ಕಳೆಯಿತು. ಗಾಯ ಒಣಗಿತು, ಕತ್ತಿನ ಮೇಲೆ ಬ್ರಶ್ಶಿನಂಥ ಮೋಟು ಕೂದಲು ಎದ್ದವು. ಆದರೂ ದಿಬ್ಬಣದ ದಿನ ಬೆನ್ನಿಗೆ ಹಾಸುವ, ಜರಿ, ಮಿಣಿಮಿಣಿ ಹರಳುಗಳ ನೈಲಾನ್ ಝೂಲು ಹೊದಿಸಿದ ಕೂಡಲೇ ಬೆನ್ನಿನಲ್ಲಿ ದದ್ದು. ನಾದಿನಿ ಅದರ ಕೆಳಗೆ ಹಾಕಲು ಸೋಪು ಸೋಕದ, ಬರೀ ನೀರಿನಲ್ಲಿ ಜಾಲಿಸಿದ ದಪ್ಪ ಹತ್ತಿಯ ಬಟ್ಟೆಯೊಂದನ್ನು ಹೊಲಿದಳು. ಯಜಮಾನನಿಗೆ ತಾಳ್ಮೆ ಮುಗಿದಿತ್ತು. ಒಂದು ಮದುವೆ, ಒಂದೇ ಅವಕಾಶ. ಝೂಲು ಬಿಚ್ಚಿದಾಗ ಬೆನ್ನಿನಲ್ಲಿ ದದ್ದು ಕಂಡರೆ ಮರುದಿನ ಭಟ್ಟಿಯವನು ಬರುತ್ತಾನೆ ಎಂದುಬಿಟ್ಟ.

ಗುರುದ್ವಾರದ ಮದುವೆ, ಬೆಳಗಿನ ದಿಬ್ಬಣ. ಸ್ವೆಟರು, ಮಫ್ಲರು, ಕ್ಯಾನ್ವಾಸ್ ಶೂ ತೊಟ್ಟು ನಾದಿನಿ ಕುದುರೆಯ ಬಲಕ್ಕೆ, ನಾನು ಎಡಕ್ಕೆ. ಬ್ಯಾಂಡಿನವರು ನಮ್ಮನ್ನು ವರನ ಅಜ್ಜಿಯರೆಂದು ತಿಳಿದು ಕುಣಿಯಲು ಕರೆದರು. ಅಷ್ಟರಲ್ಲಿ ವರನ ಸೋದರತ್ತೆ ಝೂಲಿನ ಅಂಚಿನಿಂದ ಇಣುಕುತ್ತಿದ್ದ ಹತ್ತಿ ಬಟ್ಟೆಯನ್ನು ಕಂಡಳು. ಫೋಟೋ ಕೆಡುತ್ತದೆ, ಎಳೆದು ತೆಗೆಯಿರಿ ಎಂದಳು. ಯಜಮಾನ ಕೈ ಹಾಕಿದ. ನಾದಿನಿ ಅವನ ಕೈ ಸರಿಸಿ ಅತ್ತೆಯ ಮುಂದೆ ನಿಂತಳು.

"ಬಟ್ಟೆ ತೆಗೆದರೆ ಘೋಡಿ ಬರಲ್ಲ. ಲಡ್ಕಾ ಪೈದಲ್ ಜಾಯೇಗಾ."

ಡೋಲು ನಿಂತಿತು. ಇಡೀ ದಿಬ್ಬಣ ಈ ಕುಳ್ಳ ಮುದುಕಿಯನ್ನು ನೋಡಿತು. ನಾನು ಆಚೆ ಕಡೆಯಿಂದ ಬಂದು ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತೆ. ಕೊನೆಗೆ ಮೇಲಿನಿಂದ ವರನೇ, ಪೇಟ ಸರಿಮಾಡಿಕೊಳ್ಳುತ್ತ, "ಚಲೋ ಆಂಟೀಜಿ, ನನಗೆ ನಡೆಯೋದು ಬೇಡ," ಎಂದ. ಡೋಲು ಮತ್ತೆ ಶುರುವಾಯಿತು.

ಗುರುದ್ವಾರದ ಬಾಗಿಲಲ್ಲಿ ವರ ಇಳಿದ. ಎಲ್ಲರೂ ಒಳಗೆ ಹೋದರು. ಕುದುರೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಯಜಮಾನ ಜೀನು ಬಿಚ್ಚಿ, ಝೂಲು ಎಳೆದುಕೊಂಡ. ಉಳಿದದ್ದು ಹತ್ತಿಯ ಬಟ್ಟೆಯೊಂದೇ. ನಾದಿನಿ ಅದರ ತುದಿ ಹಿಡಿದಳು, ಎತ್ತಲಿಲ್ಲ. ಇಡೀ ದಿಬ್ಬಣ ತಡೆದವಳು ಆ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಅತ್ತಿಗೆ, ನೀವು ನೋಡಿ. ನನ್ನ ಕೈಲಾಗಲ್ಲ."

ನಾನು ಬಟ್ಟೆಯ ಕೆಳಗೆ ಅಂಗೈ ಇಟ್ಟೆ. ಕತ್ತಿನ ಬುಡದಿಂದ ಬೆನ್ನಿನುದ್ದಕ್ಕೂ ನಿಧಾನವಾಗಿ ಸವರಿದೆ. ಬಿಸಿಯಾಗಿತ್ತು, ಬೆವತಿತ್ತು, ನುಣುಪಾಗಿತ್ತು. ಇನ್ನೊಂದು ಬದಿಯನ್ನೂ ಸವರಿದೆ.

"ಏನೂ ಇಲ್ಲ ಕಣೇ."

"ಸರಿಯಾಗಿ ನೋಡಿದ್ರಾ?"

"ಏನೂ ಇಲ್ಲ."

ಅವಳು ಆ ಮೋಟು ಕೂದಲಿಗೆ ಹಣೆಯಾನಿಸಿ ನಿಂತಳು. ಬೆನ್ನು ಸಣ್ಣಗೆ ಅದುರುತ್ತಿತ್ತು, ಕುದುರೆಯದಲ್ಲ, ಅವಳದು. ನನ್ನ ಒಂದು ಕೈ ಕುದುರೆಯ ಮೇಲೆಯೇ ಇತ್ತು, ಇನ್ನೊಂದನ್ನು ಅವಳ ಬೆನ್ನ ಮೇಲಿಟ್ಟೆ. ಅವಳು ತಲೆಯೆತ್ತುವ ತನಕ ಎರಡನ್ನೂ ತೆಗೆಯಲಿಲ್ಲ.